ಲಾರ್ಡ್ ಲಬಕ್‌ದಾಸ್ ಮತ್ತು ಗೋಧಿ ಡಬ್ಬ

ಭಾನುವಾರ ಬೆಳಿಗ್ಗೆ ಎರಡನೇ ಕಾಫಿ ಮುಗಿಸಿ, ಮೂರನೆಯದಕ್ಕೆ ಅರ್ಜಿ ಹಾಕುವುದೋ ಬೇಡವೋ ಎಂದು ಅಳೆದು ಸುರಿಯುತ್ತ ಆರಾಮಕುರ್ಚಿಯಲ್ಲಿ ಕಾಲು ಚಾಚಿದ್ದೆ. ಅಡುಗೆಮನೆಯಿಂದ ಅಪ್ಪಣೆಯಾಯಿತು: "ರೀ, ಗೋಧಿ ಆರಿಸಿ ಡಬ್ಬಕ್ಕೆ ತುಂಬಿಟ್ಟು ಮೂರು ದಿನ ಆಯ್ತು. ಮಿಲ್ಲಿಗೆ ಹೋಗಿ ಬೀಸಿಸಿಕೊಂಡು ಬನ್ನಿ."

'ಹೂಂ' ಎಂದೆ. ನಮ್ಮ ಮನೆಯಲ್ಲಿ ಈ 'ಹೂಂ'ಗೆ ಕಾಲಮಿತಿ ಇಲ್ಲ. ಹತ್ತು ನಿಮಿಷ ಬಿಟ್ಟು ಅವಳೇ ಹೊರಗೆ ಬಂದಳು. ಕುರ್ಚಿಯನ್ನೂ ಅದರಲ್ಲಿದ್ದ ನನ್ನನ್ನೂ ಒಂದೇ ಸಾಮಾನೆಂಬಂತೆ ನೋಡಿ, "ಒಳ್ಳೇ ಲಾರ್ಡ್ ಲಬಕ್‌ದಾಸ್ ಥರ ಕೂತಿದೀರಲ್ಲ!" ಎಂದಳು.

ಬೈಗುಳ ಬಿದ್ದಾಗಲೂ ಅದರ ವ್ಯುತ್ಪತ್ತಿ ಹುಡುಕುವುದು ನನ್ನ ಹುಟ್ಟುಗುಣ. ಲಬಕ್‌ದಾಸರ ವಂಶಾವಳಿ ಬೇರೆ ದಿನಕ್ಕಿರಲಿ, ನನ್ನ ತಕರಾರು ಇದ್ದದ್ದು ಮೊದಲರ್ಧದ ಮೇಲೆ. ಲಾರ್ಡ್ ಎಂದರೆ ಕೂತವನು ಎಂದು ನಾವು ಕನ್ನಡದವರು ತೀರ್ಮಾನಿಸಿಬಿಟ್ಟಿದ್ದೇವೆ. ಬ್ರಿಟಿಷರ ಕಾಲದ ದೊಡ್ಡ ಅಧಿಕಾರಿ ನಮ್ಮವರ ಬಾಯಲ್ಲಿ 'ಲಾಟ್ ಸಾಹೇಬ'ನಾದ. ಆಮೇಲೆ ಸಾಹೇಬರು ಹಡಗು ಹತ್ತಿ ಹೋದರೂ ಬೈಗುಳ ಇಲ್ಲೇ ಉಳಿಯಿತು. ಮಾಡಲು ಕೆಲಸವಿದ್ದೂ ಮಾಡದವನೆಲ್ಲ ಈಗ ಲಾರ್ಡೇ.

"ನಿಜವಾದ ಲಾರ್ಡುಗಳು ಕೂತಿರಲಿಲ್ಲ ಕಣೇ," ಎಂದೆ ಗಂಭೀರವಾಗಿ. "ನಿಂತಿದ್ದರು. ಬಡಿಸುತ್ತಿದ್ದರು."

"ಹಾಗಾದ್ರೆ ನೀವೂ ಏಳಿ."

ಏಳಬಹುದಿತ್ತು. ಆದರೆ ಒಂದು ಇಡೀ ಭೂಖಂಡದ ಗೌರವದ ಪ್ರಶ್ನೆ. "ವಿಷಯ ಪೂರ್ತಿ ಕೇಳು, ಆಮೇಲೆ ಏಳ್ತೀನಿ," ಎಂದೆ. ಅವಳು ಒಂದು ಚೀಲ ಅವರೆಕಾಯಿ ತಂದು ನನ್ನೆದುರು ಸುರಿದು, ಒಂದು ತಟ್ಟೆ ತಾನಿಟ್ಟುಕೊಂಡು ಇನ್ನೊಂದನ್ನು ನನ್ನ ತೊಡೆಯ ಮೇಲಿಟ್ಟಳು. ನಮ್ಮಲ್ಲಿ ಪಾಂಡಿತ್ಯಕ್ಕೆ ಇಷ್ಟಾದರೂ ಬಾಡಿಗೆ ಕೊಡಬೇಕು.

ಮಧ್ಯಯುಗದ ಯೂರೋಪಿನ ಬಿರುದುಗಳನ್ನೂ ಹೀಗೇ ಸುಲಿಯಬೇಕು. ಹೊರಗಿನ ಸಿಪ್ಪೆ ಏನು ಠೀವಿ, ಏನು ಗತ್ತು! ಬಿಡಿಸಿದರೆ ಒಳಗೆ ಒಬ್ಬ ಆಳು ಮುದುಡಿಕೊಂಡು ಕೂತಿರುತ್ತಾನೆ. ಮಾರ್ಷಲ್ ಎಂದ ಕೂಡಲೇ ಎದೆತುಂಬ ಪದಕ ತೂಗುವ ಸೇನಾನಿ ಕಣ್ಣಮುಂದೆ ಬರುತ್ತಾನಲ್ಲವೆ? ಹಳೆಯ ಜರ್ಮಾನಿಕ್ ಮಾತಿನಲ್ಲಿ ಅದು 'ಕುದುರೆ' ಮತ್ತು 'ಆಳು' ಎಂಬ ಎರಡು ಪದಗಳ ಕೂಡಿಕೆ. ಕುದುರೆ ಮೈತಿಕ್ಕುವವನು ಎಂದರ್ಥ. ಕಾನ್‌ಸ್ಟೆಬಲ್ ಎಂದರೆ ಲ್ಯಾಟಿನ್ನಿನ 'ಲಾಯದ ಕೌಂಟ್'. ಕುದುರೆ ಲಾಯದಿಂದ ಹೊರಟ ಈ ಹೆಸರು ಫ್ರಾನ್ಸಿನಲ್ಲಿ ರಾಜನ ದಂಡಿಗೆಲ್ಲ ಮುಖ್ಯಸ್ಥನಾದವನ ನೆತ್ತಿಗೇರಿತು. 1370ರಲ್ಲಿ ಬರ್ಟ್ರಾಂಡ್ ದು ಗೆಸ್ಕ್ಲಾನ್ ಎಂಬ ಮಹಾವೀರನಿಗೆ ಆ ಪದವಿ ಕೊಟ್ಟಾಗ ಅದಕ್ಕಿಂತ ದೊಡ್ಡ ಸೇನಾಪದವಿ ಆ ದೇಶದಲ್ಲಿರಲಿಲ್ಲ. ಅದೇ ಹೆಸರು ಇಂಗ್ಲೆಂಡಿನಲ್ಲಿ ಹಳ್ಳಿ ಹಳ್ಳಿಗೂ ಇಳಿದು, ಕಡಲು ದಾಟಿ ಬಂದು, ಈಗ ನಮ್ಮ ಬಡಾವಣೆಯ ಸಿಗ್ನಲ್ಲಿನಲ್ಲಿ ಬಿಸಿಲಿಗೆ ನಿಂತಿದೆ.

"ಪಾಪ," ಎಂದಳು. ದು ಗೆಸ್ಕ್ಲಾನನಿಗೋ ಪೇದೆಗೋ ಗೊತ್ತಾಗಲಿಲ್ಲ.

ಸ್ಟೀವರ್ಡ್ ಎಂದರೆ ಮನೆ ನೋಡಿಕೊಳ್ಳುವವನು. ಉಗ್ರಾಣದ ಬೀಗದ ಕೈ ಅವನ ಸೊಂಟದಲ್ಲಿ. ಸ್ಕಾಟ್ಲೆಂಡಿನ ರಾಜನಿಗೆ ಹೀಗೆ ಮನೆ ನೋಡಿಕೊಳ್ಳುತ್ತಿದ್ದ ಒಂದು ಮನೆತನ ಆ ಕೆಲಸವನ್ನು ವಂಶಪಾರಂಪರ್ಯ ಮಾಡಿಕೊಂಡು, ಕೆಲಸದ ಹೆಸರನ್ನೇ ಮನೆತನದ ಹೆಸರು ಮಾಡಿಕೊಂಡು, 1371ರಲ್ಲಿ ರಾಜನ ಕುರ್ಚಿಯನ್ನೇ ಏರಿತು. ಅವರೇ ಸ್ಟೂವರ್ಟರು. 1603ರಲ್ಲಿ ಇಂಗ್ಲೆಂಡಿನ ಸಿಂಹಾಸನವೂ ಅವರ ಪಾಲಾಯಿತು. ಬೀಗದ ಕೈ ಕೊಡುವಾಗ ನೋಡಿ ಕೊಡಬೇಕು ಎನ್ನುವುದು ಇದಕ್ಕೇ. ಬಟ್ಲರ್ ಎಂದರೆ ಬಾಟಲಿಯವನು, ಮದ್ಯದ ಉಸ್ತುವಾರಿ. 1185ರ ಸುಮಾರಿಗೆ ಐರ್ಲೆಂಡಿನಲ್ಲಿ ಆ ಊಳಿಗ ಹಿಡಿದ ಥಿಯೋಬಾಲ್ಡ್ ವಾಲ್ಟರನ ವಂಶದವರು ಬಟ್ಲರ್ ಎಂಬುದನ್ನೇ ಅಡ್ಡಹೆಸರಾಗಿಸಿಕೊಂಡರು. 1328ರಲ್ಲಿ ಆರ್ಮಂಡಿನ ಅರ್ಲ್‌ಗಳಾದರು. ಬಂದರಿಗೆ ಬರುವ ವೈನಿನಲ್ಲಿ ಅವರಿಗೊಂದು ಪಾಲು ಇದ್ದೇ ಇತ್ತು.

ಇನ್ನು ನೈಟ್. ಉಕ್ಕಿನ ಕವಚ, ಕೈಯಲ್ಲಿ ಭರ್ಜಿ. ಹಳೆಯ ಇಂಗ್ಲಿಷಿನಲ್ಲಿ ಆ ಪದಕ್ಕಿದ್ದ ಅರ್ಥ ಹುಡುಗ, ಮನೆಯಾಳು. ನಮ್ಮ ಉಡುಪಿ ಹೋಟೆಲಿನಲ್ಲಿ ತೊಂಬತ್ತು ಕೆ.ಜಿ. ತೂಗುವ ಗೃಹಸ್ಥನನ್ನೂ 'ಮಾಣಿ' ಎಂದು ಕರೆಯುತ್ತೇವಲ್ಲ, ಅಪ್ಪಟ ಅದೇ ಲೆಕ್ಕ. ಬ್ಯಾರನ್ ಎಂದರೂ ಮೂಲದಲ್ಲಿ 'ಮನುಷ್ಯ' ಅಷ್ಟೆ. ಇಂಥವನ ಮನುಷ್ಯ, ಅಂಥವನ ಮನುಷ್ಯ ಎನ್ನುತ್ತೇವಲ್ಲ, ಹಾಗೆ. ಕೌಂಟ್ ಎಂದರೆ ರಾಜನ ಜೊತೆಗಾರ.

"ಅಂದ್ರೆ ಎಲ್ರೂ ಚಮಚಾಗಳು," ಎಂದು ಒಂದೇ ಪದದಲ್ಲಿ ಮುಗಿಸಿದಳು.

ಚಮಚಾ ಎಂದರೂ ಅಡ್ಡಿಯಿಲ್ಲ, ಅದೂ ಊಟದ ಮನೆಯ ಸಾಮಾನೇ. ಆದರೆ ಈ ಜೊತೆಗಾರ ಮೊದಲು ಒಬ್ಬ ಸರ್ಕಾರಿ ನೌಕರ. ಶಾರ್ಲಮೇನ್ ಚಕ್ರವರ್ತಿ ಸೀಮೆಗೊಬ್ಬ ಕೌಂಟನನ್ನು ನೇಮಿಸಿದ: ನ್ಯಾಯ ಹೇಳು, ತೆರಿಗೆ ಎತ್ತು, ದಂಡು ಕಟ್ಟು. ಅವರು ನೆಟ್ಟಗಿದ್ದಾರೋ ಇಲ್ಲವೋ ನೋಡಲು ತನಿಖೆಯವರನ್ನು ಜೋಡಿ ಜೋಡಿಯಾಗಿ ಕಳಿಸುತ್ತಿದ್ದ, ಸಾಮಾನ್ಯವಾಗಿ ಒಬ್ಬ ಪಾದ್ರಿ, ಒಬ್ಬ ಲೌಕಿಕ. ಲಂಚ ತಿಂದರೆ ಒಬ್ಬನಾದರೂ ಬಾಯಿಬಿಟ್ಟಾನು ಎಂದಿರಬೇಕು. ಅವನ ಮೊಮ್ಮಗ ಬೋಳು ಚಾರ್ಲ್ಸ್ 877ರಲ್ಲಿ ಇಟಲಿಗೆ ದಂಡೆತ್ತಿ ಹೊರಟಾಗ, ನಾನಿಲ್ಲದ ಹೊತ್ತಿನಲ್ಲಿ ಕೌಂಟ್ ಸತ್ತರೆ ಅವನ ಮಗನ ಹಕ್ಕಿಗೆ ಧಕ್ಕೆಯಾಗದಂತೆ ನೋಡಿಕೊಳ್ಳಿ ಎಂದು ವ್ಯವಸ್ಥೆ ಮಾಡಿದ. ತಾತ್ಕಾಲಿಕ ವ್ಯವಸ್ಥೆ! ನೌಕರಿಗೆ ಒಮ್ಮೆ ಮಗನ ವಾಸನೆ ಹತ್ತಿದರೆ ಅದು ಮತ್ತೆ ಸರ್ಕಾರದ ಕೈಗೆ ಸಿಗುತ್ತದೆಯೆ? ಬರಬರುತ್ತ ಹುದ್ದೆಯೇ ಆಸ್ತಿಯಾಯಿತು, ಸಂಬಳಕ್ಕೆ ಕೊಟ್ಟ ಉಂಬಳಿಯೇ ಪಿತ್ರಾರ್ಜಿತವಾಯಿತು. ಜರ್ಮನಿಯಲ್ಲಂತೂ ಕೌಂಟನ ಗಂಡುಮಕ್ಕಳೆಲ್ಲ ಕೌಂಟುಗಳೇ. ಇಂಗ್ಲೆಂಡಿನವರು ಮಾತ್ರ ಜಿಪುಣರು. ಅಲ್ಲಿ ಹಿರಿಮಗನಿಗಷ್ಟೇ ಬಿರುದು, ಉಳಿದವರಿಗೆ ಅಪ್ಪನ ಹೆಸರು ಹೇಳಿಕೊಂಡು ತಿರುಗುವ ಭಾಗ್ಯ.

"ಇಷ್ಟೊಂದು ಹೆಸರು ಯಾಕೆ? ಯಾರು ದೊಡ್ಡವರು, ಯಾರು ಸಣ್ಣವರು?"

ಇಂಗ್ಲೆಂಡಿನ ಏಣಿಗೆ ಐದು ಮೆಟ್ಟಿಲು. ಮೇಲಿನಿಂದ ಡ್ಯೂಕ್, ಮಾರ್ಕ್ವೆಸ್, ಅರ್ಲ್, ವೈಕೌಂಟ್, ಬ್ಯಾರನ್. ಆದರೆ ಏಣಿ ಮಾಡಿದ ರೀತಿ ನೋಡಬೇಕು. ಬಹುಕಾಲ ಅಲ್ಲಿದ್ದದ್ದು ಅರ್ಲ್ ಮತ್ತು ಬ್ಯಾರನ್ ಎಂಬ ಎರಡೇ ಮೆಟ್ಟಿಲು. 1337ರಲ್ಲಿ ಮೂರನೆಯ ಎಡ್ವರ್ಡ್ ರಾಜ ಎಲ್ಲಕ್ಕಿಂತ ಮೇಲೆ ಡ್ಯೂಕ್ ಎಂಬ ಹೊಸದೊಂದನ್ನು ಜಡಿದ. ಡ್ಯೂಕ್ ಎಂದರೆ ದಂಡನಾಯಕ. ಆ ಮೊದಲ ಇಂಗ್ಲಿಷ್ ದಂಡನಾಯಕ ಯಾರೆಂದರೆ ರಾಜನ ಮಗ, ವಯಸ್ಸು ಆರು! ಮುಂದೆ ಅವನೇ 'ಕಪ್ಪು ರಾಜಕುಮಾರ' ಎಂದು ಹೆಸರಾಗಿ ಫ್ರೆಂಚರನ್ನು ನಡುಗಿಸಿದ ಎನ್ನುವುದು ನಿಜ, ಆದರೆ ಬಿರುದು ಬಂದ ದಿನ ಅವನಿಗಿನ್ನೂ ಹಾಲುಹಲ್ಲು ಬೀಳುವ ವಯಸ್ಸು. 1385ರಲ್ಲಿ ಎರಡನೆಯ ರಿಚರ್ಡ್ ತನ್ನ ಗೆಳೆಯ ರಾಬರ್ಟ್ ಡಿ ವೇರ್‌ಗೋಸ್ಕರ ಡ್ಯೂಕಿಗೂ ಅರ್ಲಿಗೂ ನಡುವೆ ಮಾರ್ಕ್ವೆಸ್ ಎಂಬ ಮೆಟ್ಟಿಲು ತುರುಕಿದ. ಮೂಲದಲ್ಲಿ ಅದು ಗಡಿ ಕಾಯುವವನ ಹೆಸರು. ನಿನ್ನೆಯವರೆಗೆ ಪಕ್ಕದಲ್ಲಿ ಕೂರುತ್ತಿದ್ದವನು ಇವತ್ತು ಮೇಲಿನ ಮಣೆಗೆ ಹೋದರೆ ಉಳಿದ ಅರ್ಲ್‌ಗಳ ಹೊಟ್ಟೆ ಉರಿಯದೆ ಇರುತ್ತದೆಯೆ? ಕೊನೆಗೆ ಆತ ದೇಶಬಿಟ್ಟು ಓಡಬೇಕಾಯಿತು. 1392ರಲ್ಲಿ ಬೇಟೆಗೆ ಹೋದಾಗ ಕಾಡುಹಂದಿ ತಿವಿದು ಸತ್ತ. ಹಂದಿಗೆ ಮಾರ್ಕ್ವೆಸ್ಸೂ ಒಂದೇ, ಮಾಣಿಯೂ ಒಂದೇ.

ಆಮೇಲೆ ಜಾನ್ ಬೋಫರ್ಟ್ ಎಂಬ ಅರ್ಲ್‌ಗೆ 1397ರಲ್ಲಿ ಅದೇ ಬಿರುದು ಕೊಟ್ಟರು, ಎರಡು ವರ್ಷಕ್ಕೆ ಕಿತ್ತುಕೊಂಡರು. 1402ರಲ್ಲಿ ಪಾರ್ಲಿಮೆಂಟಿನ ಕಾಮನ್ಸ್ ಸದಸ್ಯರು, ಪಾಪ ಅವನಿಗೆ ಅದನ್ನು ಮರಳಿ ಕೊಡಿ ಎಂದು ರಾಜನನ್ನು ಕೇಳಿಕೊಂಡರೆ, ಬೋಫರ್ಟನೇ ಬೇಡವೆಂದ. ಆ ಹೆಸರು ನಮ್ಮ ನಾಡಿಗೆ ಹೊಸದು, ಒಗ್ಗುವುದಿಲ್ಲ ಎಂಬುದು ಅವನ ತಕರಾರು.

"ಬಡ್ತಿ ಬೇಡ ಅಂದೋನು ಒಬ್ಬ ಸಿಕ್ಕಿದ ನೋಡಿ," ಎಂದಳು. "ಅವನ ಹೆಂಡತೀನ ಕೇಳಿದ್ರೋ ಇಲ್ವೋ."

ಐದನೆಯ ಮೆಟ್ಟಿಲು ಬಂದದ್ದು 1440ರಲ್ಲಿ. ಜಾನ್ ಬೋಮಾಂಟ್ ಎಂಬ ಬ್ಯಾರನ್‌ನನ್ನು ವೈಕೌಂಟ್ ಮಾಡಿದರು. ವೈಕೌಂಟ್ ಎಂದರೆ 'ಉಪ-ಕೌಂಟ್', ಕೌಂಟಿನ ಕೈಕೆಳಗಿನವನು. ಆದರೆ ಇಂಗ್ಲೆಂಡಿನಲ್ಲಿ ಕೌಂಟೇ ಇಲ್ಲ, ಅವನ ಜಾಗದಲ್ಲಿರುವವನು ಅರ್ಲ್! ಮುಖ್ಯ ಇಲ್ಲದ ಊರಿನಲ್ಲಿ ಉಪಮುಖ್ಯ. ಇನ್ನೂ ತಮಾಷೆಯೆಂದರೆ ಅರ್ಲ್ ಪದಕ್ಕೆ ಸ್ತ್ರೀಲಿಂಗವಿಲ್ಲ, ಹಾಗಾಗಿ ಅರ್ಲನ ಹೆಂಡತಿ ಕೌಂಟೆಸ್. ಗಂಡನಿಗೆ ಸಿಗದ ಹೆಸರನ್ನು ಹೆಂಡತಿ ಇಟ್ಟುಕೊಂಡಿದ್ದಾಳೆ.

ಏಣಿ ಕಟ್ಟಿದರೆ ಸಾಲದು, ಯಾರು ಯಾವ ಮೆಟ್ಟಿಲಿನವನೆಂದು ದೂರದಿಂದ ಗೊತ್ತಾಗಬೇಕಲ್ಲ? 1348ರ ಮಹಾಮಾರಿಯಲ್ಲಿ ಜನ ಸತ್ತು, ಉಳಿದವರ ಕೂಲಿ ಏರಿ, ಆಳುಗಳು ಒಡೆಯರ ಹಾಗೆ ಉಡತೊಡಗಿದರು. 1363ರಲ್ಲಿ ಬಟ್ಟೆಗೂ ಒಂದು ಕಾನೂನು ಬಂತು. ಗಾಡಿ ಹೊಡೆಯುವವ, ನೇಗಿಲು ಹಿಡಿಯುವವ ಕಂಬಳಿ ಮತ್ತು ಒರಟು ಬಟ್ಟೆಯಾಚೆ ಹೋಗುವಂತಿಲ್ಲ. ಅದರ ಮೇಲಿನವರಿಗೆ ಇಂತಿಷ್ಟು ಬೆಲೆಯ ಬಟ್ಟೆ, ಇಂಥದೇ ಪ್ರಾಣಿಯ ತುಪ್ಪಳು, ಹೆಂಡಿರ ಮುಸುಕಿಗೂ ನಿಯಮ. ಎದುರಿಗಿದ್ದವಳು ಸುಲಿಯುವುದನ್ನು ನಿಲ್ಲಿಸಿ, "ಹೆಂಗಸರು ಕೇಳಿದ್ರಾ?" ಎಂದಳು. ಅವಳ ಊಹೆ ಸರಿ. ಮುಂದಿನ ಪಾರ್ಲಿಮೆಂಟಿನಲ್ಲೇ ಕಾನೂನು ರದ್ದಾಯಿತು.

ಈಗ ನನ್ನ ಮುಖ್ಯ ಸಾಕ್ಷಿಗೆ ಬಂದೆ. 1356ರಲ್ಲಿ ನಾಲ್ಕನೆಯ ಚಾರ್ಲ್ಸ್ ಚಕ್ರವರ್ತಿ 'ಸ್ವರ್ಣಮುದ್ರೆಯ ಶಾಸನ' ಹೊರಡಿಸಿದ. ಜರ್ಮನಿಯ ಸಾಮ್ರಾಜ್ಯದಲ್ಲಿ ಮುಂದಿನ ಒಡೆಯನನ್ನು ಆರಿಸುವ ಏಳು ಮಂದಿ ಯಾರು, ಅವರ ಹಕ್ಕೇನು ಎಂಬುದೆಲ್ಲ ಅದರಲ್ಲಿದೆ. ಮೂವರು ಆರ್ಚ್‌ಬಿಷಪ್ಪರು, ಬೊಹೀಮಿಯದ ರಾಜ, ರೈನ್ ಸೀಮೆಯ ಕೌಂಟ್, ಸ್ಯಾಕ್ಸನಿಯ ಡ್ಯೂಕ್, ಬ್ರಾಂಡೆನ್‌ಬರ್ಗಿನ ಗಡಿಯೊಡೆಯ. ಇವರ ಮುಂದೆ ಉಳಿದವರೆಲ್ಲ ಲೆಕ್ಕಕ್ಕೇ ಇಲ್ಲ. ಇಂಥ ಏಳು ಮಹಾನುಭಾವರ ಪರಮ ಗೌರವದ ಕರ್ತವ್ಯವೇನು? ದೊಡ್ಡ ಸಭೆಯ ದಿನ ಚಕ್ರವರ್ತಿಗೆ ಊಟ ಬಡಿಸುವುದು.

ಮಜವಾಗಿದೆ, ಕೇಳಿ. ಊಟದ ಮನೆಯ ಮುಂದೆ ಓಟ್ಸ್ ಕಾಳಿನ ರಾಶಿ ಹಾಕಬೇಕು, ಕುದುರೆಯ ಎದೆಮಟ್ಟಕ್ಕೆ ಬರಬೇಕು. ಸ್ಯಾಕ್ಸನಿಯ ಡ್ಯೂಕ್ ಕುದುರೆಯ ಮೇಲೆ ಬರುತ್ತಾನೆ. ಒಂದು ಕೈಯಲ್ಲಿ ಬೆಳ್ಳಿಯ ಕೋಲು, ಇನ್ನೊಂದರಲ್ಲಿ ಬೆಳ್ಳಿಯ ಸೇರು. ಎರಡೂ ಸೇರಿ 12 ಮಾರ್ಕ್ ಬೆಳ್ಳಿ ತೂಗಬೇಕು. ರಾಶಿಯಿಂದ ಒಂದು ಸೇರು ತುಂಬಿ, ಮೊದಲು ಎದುರಾದ ಆಳಿಗೆ ಕೊಟ್ಟು, ಕೋಲನ್ನು ರಾಶಿಗೆ ಚುಚ್ಚಿ ಹೊರಟುಹೋಗುತ್ತಾನೆ. ಉಳಿದ ರಾಶಿ? ಅದನ್ನು ಹಂಚಲು ಪ್ಯಾಪೆನ್‌ಹೈಮ್ ಮನೆತನದ ಉಪ-ಮಾರ್ಷಲ್ ಇದ್ದಾನೆ. ಬ್ರಾಂಡೆನ್‌ಬರ್ಗಿನವನು ಬೆಳ್ಳಿ ಬೋಗುಣಿಯಲ್ಲಿ ನೀರು, ತೋಳಿನ ಮೇಲೆ ಚೆಂದದ ಟವೆಲ್ಲು ತಂದು ಕೈತೊಳೆಸುತ್ತಾನೆ. ರೈನ್ ಕೌಂಟ್ ನಾಲ್ಕು ಬೆಳ್ಳಿ ತಟ್ಟೆಗಳಲ್ಲಿ ಊಟ ತಂದಿಡುತ್ತಾನೆ. ಬೊಹೀಮಿಯದ ರಾಜ ಮುಚ್ಚಳದ ಬಟ್ಟಲಲ್ಲಿ ನೀರು ಬೆರೆಸಿದ ವೈನ್ ಕೊಡುತ್ತಾನೆ. ಬಡಿಸುವಾಗ ಅವನು ಕಿರೀಟ ಹಾಕಿಕೊಳ್ಳಲೇಬೇಕೆಂದಿಲ್ಲ, ಇಷ್ಟವಿದ್ದರೆ ಹಾಕಿಕೊಳ್ಳಲಿ ಎಂಬ ರಿಯಾಯಿತಿಯೂ ಇದೆ. ಬಗ್ಗಿದಾಗ ಬಟ್ಟಲಿಗೆ ಬಿದ್ದರೆ? ಆರ್ಚ್‌ಬಿಷಪ್ಪರು ರಾಜಮುದ್ರೆಗಳನ್ನು ಬೆಳ್ಳಿ ಕೋಲಿಗೆ ತೂಗುಹಾಕಿ ತಂದು ಒಪ್ಪಿಸಬೇಕು. ಅದರಲ್ಲಿ ದೊಡ್ಡ ಮುದ್ರೆ ಒಬ್ಬರ ಕೊರಳಿಗೆ ಬೀಳುತ್ತದೆ. ಊಟ ಮುಗಿದು ಬಿಡಾರ ಸೇರುವವರೆಗೂ ಅದನ್ನು ತೂಗಿಸಿಕೊಂಡೇ ಇರಬೇಕು. ಚಕ್ರವರ್ತಿಯ ಮೇಜು ಉಳಿದೆಲ್ಲ ಮೇಜುಗಳಿಗಿಂತ ಆರು ಅಡಿ ಎತ್ತರ, ಚಕ್ರವರ್ತಿನಿಯದು ಅದಕ್ಕಿಂತ ಮೂರು ಅಡಿ ತಗ್ಗು. ಅಳತೆಪಟ್ಟಿ ಹಿಡಿದು ಬರೆದ ಗೌರವ.

"ನೋಡಿದೆಯಾ? ದೊಡ್ಡವನಾದಷ್ಟೂ ತಟ್ಟೆಗೆ ಹತ್ತಿರ," ಎಂದು ಗೆದ್ದವನ ಹಾಗೆ ನೋಡಿದೆ.

ಅವಳು ಅವರೆಕಾಳನ್ನು ತಟ್ಟೆಯಲ್ಲಿ ಹರಡುತ್ತ ಹೇಳಿದಳು: "ಒಂದು ಸೇರು ಅಳೆದು ಕೋಲು ಚುಚ್ಚಿ ಹೋದ ಅಂದ್ರಲ್ಲ, ಅವನು ಗೊತ್ತು ಬಿಡಿ ನಂಗೆ. ನೀವು ನಿಮ್ಮ ಕಾಫಿ ಲೋಟ ಒಂದು ತೊಳೆದು, 'ಪಾತ್ರೆ ತೊಳೆದೆ' ಅಂತ ಊರಿಗೆಲ್ಲ ಸಾರಿ, ಮಿಕ್ಕಿದ್ದನ್ನ ಸಿಂಕಲ್ಲಿ ಬಿಟ್ಟು ಹೋಗ್ತೀರಲ್ಲ, ಅದೇ ಡ್ಯೂಕು. ಆ ಪ್ಯಾಪನೋ ಗೀಪನೋ, ಅವಳು ನಾನು." ಸ್ವಲ್ಪ ತಡೆದು, "ಅಲ್ಲಾ, ಎಂದೋ ಒಂದಿನ ನಾಲ್ಕು ತಟ್ಟೆ ತಂದಿಟ್ಟಿದ್ದಕ್ಕೆ ಅವನಿಗೆ ಒಂದು ಸೀಮೆ. ನಾನು ದಿನಕ್ಕೆ ಮೂರು ಹೊತ್ತು ಬಡಿಸ್ತೀನಿ. ನನಗೆಷ್ಟು ಊರು?"

ಇಂಥ ಪ್ರಶ್ನೆಗೆ ಉತ್ತರ ಶಾಸನಗಳಲ್ಲಿಲ್ಲ. ನಾನು ಮಾತನ್ನು ಯುದ್ಧದ ಕಡೆಗೆ ತಿರುಗಿಸಿದೆ.

ಉಂಬಳಿ ಪಡೆಯುವವನು ಬರಿದಲೆಯಲ್ಲಿ, ಆಯುಧವಿಲ್ಲದೆ ಮಂಡಿಯೂರಿ, ಜೋಡಿಸಿದ ಎರಡೂ ಕೈಗಳನ್ನು ಒಡೆಯನ ಅಂಗೈಗಳ ನಡುವೆ ಇಟ್ಟು 'ನಾನು ನಿಮ್ಮ ಮನುಷ್ಯ' ಎನ್ನಬೇಕು. ಕೈಯನ್ನೇ ಒಪ್ಪಿಸಿದ ಹಾಗೆ. ಎಲ್ಲರೂ ಬಗ್ಗುತ್ತಿದ್ದರು ಎಂದಲ್ಲ. ವೈಕಿಂಗ್ ಮುಖಂಡ ರೊಲ್ಲೊ 911ರಲ್ಲಿ ಫ್ರಾನ್ಸಿನ ರಾಜನಿಂದ ನಾರ್ಮಂಡಿಯ ನೆಲ ಪಡೆದಾಗ, ಪಾದಕ್ಕೆ ಮುತ್ತಿಡು ಎಂದರೆ ಒಪ್ಪಲಿಲ್ಲವಂತೆ. ನನ್ನ ಪರವಾಗಿ ಇವನು ಇಡುತ್ತಾನೆ ಎಂದು ಒಬ್ಬ ಬಂಟನನ್ನು ಮುಂದೆ ಮಾಡಿದ. ಆ ಬಂಟ ತಾನು ಬಗ್ಗುವುದರ ಬದಲು ರಾಜನ ಕಾಲನ್ನೇ ತನ್ನ ಬಾಯಿಮಟ್ಟಕ್ಕೆ ಎತ್ತಿದ. ರಾಜ ಅಂಗಾತ ಬಿದ್ದ. ಡೂಡೋ ಎಂಬ ಪಾದ್ರಿ ನೂರು ವರ್ಷದ ಮೇಲೆ ಬರೆದಿಟ್ಟ ಕತೆ ಇದು. ಉಪ್ಪುಖಾರ ಹಚ್ಚಿರಬಹುದು, ಆದರೆ ರುಚಿಯಾಗಿದೆ. ಆ ರೊಲ್ಲೊನ ವಂಶದ ವಿಲಿಯಂ 1066ರಲ್ಲಿ ಇಂಗ್ಲೆಂಡನ್ನು ಗೆದ್ದ. ಅಲ್ಲಿಂದ ಶುರುವಾಯಿತು ಇನ್ನೊಂದು ಪೇಚು. ಇಂಗ್ಲೆಂಡಿನಲ್ಲಿ ಸ್ವತಂತ್ರ ರಾಜ, ಫ್ರಾನ್ಸಿನಲ್ಲಿದ್ದ ಆಸ್ತಿಗೆ ಫ್ರೆಂಚ್ ರಾಜನ ಉಂಬಳಿದಾರ. ಊರಿಗೆ ಅರಸನಾದರೂ ತಾಯಿಗೆ ಮಗ ಎನ್ನುತ್ತಾರಲ್ಲ, ಹಾಗೆ. 1329ರಲ್ಲಿ ಮೂರನೆಯ ಎಡ್ವರ್ಡ್ ಅಮಿಯೆನ್ಸ್ ಚರ್ಚಿನಲ್ಲಿ ಫ್ರಾನ್ಸಿನ ಆರನೆಯ ಫಿಲಿಪ್ಪನಿಗೆ ಹೀಗೆ ವಿಧೇಯತೆ ತೋರಬೇಕಾಯಿತು. ಎಂಟು ವರ್ಷ ಸಹಿಸಿದ. ಆಮೇಲೆ ಆದದ್ದೇ ನೂರು ವರ್ಷಗಳ ಯುದ್ಧ.

ಒಬ್ಬನೇ ಒಡೆಯನಿದ್ದರೆ ಪರವಾಗಿಲ್ಲ. ನಾಲ್ಕು ಕಡೆ ಹೊಲ ಇದ್ದವನಿಗೆ ನಾಲ್ವರು ಒಡೆಯರು. ಜಾನ್ ಆಫ್ ಟೂಲ್ ಎಂಬ ಪುಣ್ಯಾತ್ಮ ಬರೆದುಕೊಟ್ಟ ಒಂದು ಪತ್ರವಿದೆ. ನಾನು ಶಾಂಪೇನಿನ ಕೌಂಟ್ ಮತ್ತು ಅವನ ತಾಯಿಯ ಕಟ್ಟಾ ಬಂಟ, ಆದರೆ ಇನ್ನೂ ಮೂವರು ಒಡೆಯರ ವಿಷಯ ಹೊರತು. ಆ ಮೂವರಲ್ಲಿ ಗ್ರಾನ್‌ಪ್ರೇಯ ಕೌಂಟ್ ತನ್ನ ಸ್ವಂತ ಜಗಳಕ್ಕೆ ಶಾಂಪೇನಿನವರ ಮೇಲೆ ಬಿದ್ದರೆ, ನಾನು ಖುದ್ದಾಗಿ ಗ್ರಾನ್‌ಪ್ರೇ ಕಡೆ ಹೋಗಿ ಹೊಡೆದಾಡುತ್ತೇನೆ, ಶಾಂಪೇನಿನವರಿಗೆ ಕೊಡಬೇಕಾದ ನೈಟುಗಳನ್ನು ಆ ಕಡೆಗೆ ಕಳಿಸಿಕೊಡುತ್ತೇನೆ. ತಾನು ಈ ಪಾಳಯದಲ್ಲಿ, ತನ್ನ ಆಳುಗಳು ಆ ಪಾಳಯದಲ್ಲಿ!

"ನಮ್ಮ ದೊಡ್ಡಮಾವನೋರು ಎಲೆಕ್ಷನ್ನಲ್ಲಿ ಹೀಗೇ ಮಾಡಿದ್ದು," ಎಂದಳು. "ಅವರು ಒಂದು ಪಾರ್ಟಿ, ಮಗ ಇನ್ನೊಂದು."

ದಂಡಿಗೆ ಹೋದರೂ ಲೆಕ್ಕ ಪಕ್ಕಾ. ಉಂಬಳಿಯ ಋಣಕ್ಕೆ ವರ್ಷಕ್ಕೆ ನಲವತ್ತು ದಿನ ಯುದ್ಧಸೇವೆ ಎಂಬುದು ವಾಡಿಕೆ. ಅದೇ ಶಾಂಪೇನಿನ ನಾಲ್ಕನೆಯ ಥಿಯೋಬಾಲ್ಡ್ 1226ರಲ್ಲಿ ಫ್ರಾನ್ಸಿನ ರಾಜನ ಜೊತೆ ಆವಿನ್ಯೋನ್ ಕೋಟೆಗೆ ಮುತ್ತಿಗೆ ಹಾಕಿದ್ದ. ಕೋಟೆ ಬೀಳಲಿಲ್ಲ, ನಲವತ್ತು ದಿನ ಬಿತ್ತು. ಗಂಟುಮೂಟೆ ಕಟ್ಟಿ ಮನೆಗೆ ಹೊರಟೇಬಿಟ್ಟ. ರಾಜ ಕೆಂಡವಾದ. ಅದೇ ವರ್ಷ ರಾಜ ಕಾಯಿಲೆಯಿಂದ ಸತ್ತಾಗ, ಥಿಯೋಬಾಲ್ಡನೇ ವಿಷ ಹಾಕಿರಬೇಕೆಂದು ಜನ ಆಡಿಕೊಂಡರು. ಐದು ಗಂಟೆಗೆ ಸರಿಯಾಗಿ ಕಚೇರಿಯಿಂದ ಎದ್ದು ಬರುವವನ ಮೇಲೆ ಎಲ್ಲ ಕಾಲದಲ್ಲೂ ಅಪವಾದ ಇದ್ದದ್ದೇ. ಯುದ್ಧವೇ ಬೇಡ ಎನ್ನುವವನು 'ಗುರಾಣಿ ದುಡ್ಡು' ಕಟ್ಟಿ ಮನೆಯಲ್ಲಿರಬಹುದಿತ್ತು. 1159ರಲ್ಲಿ ಇಂಗ್ಲೆಂಡಿನ ಎರಡನೆಯ ಹೆನ್ರಿ ತುಲೂಸಿನ ದಂಡಯಾತ್ರೆಗೆ ಈ ದುಡ್ಡನ್ನು ಚೆನ್ನಾಗಿ ಎತ್ತಿದ, ಅದರಲ್ಲಿ ಕೂಲಿ ಸೈನಿಕರನ್ನು ಕಟ್ಟಿದ.

ಎಲ್ಲ ಉಂಬಳಿಗೂ ಕತ್ತಿಯೇ ಬೇಕಿರಲಿಲ್ಲ. ಇಂಗ್ಲೆಂಡಿನಲ್ಲಿ ಸಣ್ಣಪುಟ್ಟ ಊಳಿಗಕ್ಕೂ ನೆಲ ಬಿಡುತ್ತಿದ್ದರು. ಕೆಂಟ್ ಸೀಮೆಯ ಸಾಲೊಮನ್ ಅಟ್‌ಫೀಲ್ಡ್ ಎಂಬಾತನ ಜಮೀನಿನ ಷರತ್ತು ಇಷ್ಟೆ: ರಾಜ ಕಡಲು ದಾಟುವಾಗಲೆಲ್ಲ ಜೊತೆಗೆ ಹೋಗಿ, ಅಗತ್ಯ ಬಿದ್ದರೆ ರಾಜನ ತಲೆ ಹಿಡಿದುಕೊಳ್ಳಬೇಕು. ಹಡಗು ತೊನೆದಾಗ ತಲೆ ಯಾಕೆ ಹಿಡಿಯಬೇಕೆಂದು ಘಾಟಿ ರಸ್ತೆಯ ಬಸ್ಸಿನಲ್ಲಿ ಮಕ್ಕಳನ್ನು ಕರೆದೊಯ್ದವರಿಗೆ ವಿವರಿಸಬೇಕಿಲ್ಲ.

ಎಲ್ಲರಿಗಿಂತ ನನಗೆ ಅಚ್ಚುಮೆಚ್ಚು ರೋಲೆಂಡ್. ಸಫೋಕ್ ಸೀಮೆಯ ಹೆಮಿಂಗ್‌ಸ್ಟೋನಿನಲ್ಲಿ ಅವನಿಗೆ ಮೂವತ್ತು ಎಕರೆ ಉಂಬಳಿ. ಪ್ರತಿ ಕ್ರಿಸ್ಮಸ್ ದಿನ ರಾಜನ ಮುಂದೆ ನಿಂತು ಅವನು ಸಲ್ಲಿಸಬೇಕಾದ ಸೇವೆ: ಒಂದು ನೆಗೆತ, ಒಂದು ಶಿಳ್ಳೆ, ಒಂದು ಹೂಸು. ನಾನು ಕಟ್ಟಿ ಹೇಳುತ್ತಿಲ್ಲ. ದಫ್ತರದಲ್ಲಿ ಲ್ಯಾಟಿನ್ ಭಾಷೆಯಲ್ಲಿ ಅಚ್ಚುಕಟ್ಟಾಗಿ ದಾಖಲಾಗಿದೆ. ಅವನ ಕಷ್ಟ ಯೋಚಿಸಿ ನೋಡಿ. ನೆಗೆತ ಅಭ್ಯಾಸದಿಂದ ಬರುತ್ತದೆ, ಶಿಳ್ಳೆಯೂ ಬರುತ್ತದೆ. ಮೂರನೆಯದು ದೈವಾಧೀನ! ಇಡೀ ಆಸ್ಥಾನ ಕಿವಿಗೊಟ್ಟು ಕೂತಿರುವಾಗ, ಮೂವತ್ತು ಎಕರೆ ಅದೊಂದರ ಮೇಲೆ ನಿಂತಿರುವಾಗ! ಮೊಮ್ಮಕ್ಕಳ ಕಾಲಕ್ಕೆ ಇದು ಅಸಭ್ಯವೆನಿಸಿ, ವರ್ಷಕ್ಕೆ 26 ಶಿಲಿಂಗ್ 8 ಪೆನ್ಸ್ ಕಟ್ಟಿದರೆ ಸಾಕು ಎಂದಾಯಿತು. ಸಭ್ಯತೆಗೆ ಯಾವತ್ತೂ ಖರ್ಚು ಜಾಸ್ತಿ.

ನಗುತ್ತ ನಗುತ್ತ ಅವಳ ತಟ್ಟೆಯ ಕಾಳು ಚೆಲ್ಲಿತು. ಮಿಲ್ಲು ಮರೆತಿದ್ದಾಳೆ ಎಂದುಕೊಂಡೆ. ಅಷ್ಟರಲ್ಲಿ, "ಗಂಡಸರಿಗೆ ಬಿಡಿ, ಶಿಳ್ಳೆ ಹೊಡೆದರೂ ಜಮೀನು. ಆ ಮನೆ ಹೆಂಗಸರು?" ಎಂದಳು.

ಅವರ ಪಾಡು ಬೇರೆ. ಒಡೆಯ ಸತ್ತರೆ ಮಗ ಅಪ್ಪನ ಉಂಬಳಿಗೆ ಕಾಣಿಕೆ ಕಟ್ಟಿ ಬಿಡಿಸಿಕೊಳ್ಳಬೇಕು. ಜಾನ್ ರಾಜ 1205ರಲ್ಲಿ ನಿಕೊಲಸ್ ಡಿ ಸ್ಟೂಟ್‌ವಿಲ್ ಎಂಬುವನಿಗೆ ಹತ್ತು ಸಾವಿರ ಮಾರ್ಕ್ ಹೇರಿದ. ಒಂದು ಮಾರ್ಕಿಗೆ ಪೌಂಡಿನ ಮೂರರಲ್ಲಿ ಎರಡು ಪಾಲು. ವಿಧವೆಯಾದರೆ ಇನ್ನೂ ಚೆನ್ನ. ಅವಳ ಜೊತೆಗೆ ಆಸ್ತಿ ಬರುವುದರಿಂದ ರಾಜ ತನಗೆ ಬೇಕಾದವನಿಗೆ ಕಟ್ಟಿಬಿಡುತ್ತಿದ್ದ. ಔಮಾಲಿನ ಕೌಂಟೆಸ್ ಹವೀಸ್ ಮೂವರು ಗಂಡಂದಿರನ್ನು ಮಣ್ಣುಮಾಡಿದ ಮೇಲೆ 1212ರಲ್ಲಿ ಐದು ಸಾವಿರ ಮಾರ್ಕ್ ಕೊಡುತ್ತೇನೆಂದು ಒಪ್ಪಿದಳು. ಏತಕ್ಕೆ? ತನ್ನ ಆಸ್ತಿ ತನಗಿರಲಿ, ಇನ್ನೊಂದು ಮದುವೆಗೆ ಬಲವಂತ ಮಾಡಬೇಡಿ ಎಂಬುದಕ್ಕೆ. 1215ರಲ್ಲಿ ಬ್ಯಾರನ್ನುಗಳು ತಿರುಗಿಬಿದ್ದು ಜಾನ್‌ನಿಂದ ಮ್ಯಾಗ್ನಾ ಕಾರ್ಟಾಕ್ಕೆ ಮುದ್ರೆ ಒತ್ತಿಸಿದಾಗ, ಉಂಬಳಿಯ ಕಾಣಿಕೆ ನೂರು ಪೌಂಡಿಗಿಂತ ಹೆಚ್ಚಿರಬಾರದು, ವಿಧವೆಯನ್ನು ಮದುವೆಗೆ ಬಲವಂತ ಮಾಡಬಾರದು ಎಂಬ ಎರಡೂ ಮಾತು ಸೇರಿದವು.

"ಐದು ಸಾವಿರ ಕೊಟ್ಟಾದರೂ ನಾಲ್ಕನೇದು ತಪ್ಪಿಸ್ಕೊಂಡಳಲ್ಲ, ಜಾಣೆ," ಎಂದು ನನ್ನನ್ನು ಅರ್ಥಗರ್ಭಿತವಾಗಿ ನೋಡಿ, "ಸರಿ, ಎಲ್ಲರೂ ಎಲ್ಲರಿಗೂ ಬಡಿಸಿದ್ರು. ಆ ಹಿಟ್ಟು ಬೀಸಿದೋರು ಯಾರು?" ಎಂದಳು.

ಅಯ್ಯೋ! ಮಿಲ್ಲು ಮರೆತಿರಲಿಲ್ಲ.

ಹಿಟ್ಟಿನ ವಿಷಯದಲ್ಲೇ ನನ್ನ ಲಾರ್ಡುಗಳು ಸಿಕ್ಕಿಬೀಳುವುದು. ಎಷ್ಟೋ ಕಡೆ ಗಿರಣಿ ಒಡೆಯನದು, ರೈತ ಅಲ್ಲೇ ಬೀಸಿಸಬೇಕು, ಬೀಸಿದ್ದರಲ್ಲಿ ಒಂದು ಪಾಲು ಅಲ್ಲೇ ಬಿಡಬೇಕು. ಮನೆಯಲ್ಲಿ ಕಲ್ಲು ತಿರುಗಿಸಿದರೆ ಅಪರಾಧ. ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್ ಊರಿಗೆ ಅಲ್ಲಿನ ಮಠವೇ ಒಡೆಯ. ಮಠಾಧಿಪತಿ ರಿಚರ್ಡ್ ಆಫ್ ವಾಲಿಂಗ್‌ಫರ್ಡ್ ಸಾಮಾನ್ಯನಲ್ಲ, ಗ್ರಹನಕ್ಷತ್ರಗಳ ಗತಿ ತೋರಿಸುವ ದೊಡ್ಡ ಗಡಿಯಾರವನ್ನೇ ರೂಪಿಸಿದ ಪಂಡಿತ. ಆದರೆ 1331ರಲ್ಲಿ ಊರವರ ಮನೆಮನೆಯಿಂದ ಬೀಸುವ ಕಲ್ಲುಗಳನ್ನು ಕಿತ್ತುತರಿಸಿ, ಮಠದ ಪಡಸಾಲೆಯ ನೆಲಕ್ಕೆ ಹಾಸುಗಲ್ಲಾಗಿ ಜಡಿಸಿದ. ಬಂದವರೆಲ್ಲ ಅದರ ಮೇಲೆ ತುಳಿದುಕೊಂಡು ಓಡಾಡಲಿ ಎಂದು.

ಅವಳ ಕೈ ನಿಂತಿತು. ಅವಳ ತವರಿನ ಹಿತ್ತಿಲಲ್ಲಿ ಅಜ್ಜಿಯ ರಾಗಿಕಲ್ಲು ಈಗಲೂ ಇದೆ. ಅದರ ಮೇಲೆ ಮಕ್ಕಳು ಕಾಲಿಟ್ಟರೂ ಬೈಗುಳ ತಿನ್ನುತ್ತವೆ.

"ಆಮೇಲೆ?"

ಐವತ್ತು ವರ್ಷ ಕಲ್ಲುಗಳು ಅಲ್ಲೇ ಇದ್ದವು, ಊರಿನ ನೆನಪಿನಲ್ಲೂ ಇದ್ದವು. 1381ರಲ್ಲಿ ಇಂಗ್ಲೆಂಡಿನ ರೈತರು ದಂಗೆಯೆದ್ದಾಗ ಸೇಂಟ್ ಆಲ್ಬನ್ಸಿನ ಜನ ಮಠಕ್ಕೆ ನುಗ್ಗಿದರು. ನೆಲ ಅಗೆದು ಕಲ್ಲುಗಳನ್ನು ಎತ್ತಿ, ಒಡೆದು ಚೂರು ಮಾಡಿ, ಚರ್ಚಿನಲ್ಲಿ ಪ್ರಸಾದದ ರೊಟ್ಟಿ ಹಂಚುವ ಹಾಗೆ ಒಬ್ಬೊಬ್ಬರೂ ಒಂದೊಂದು ಚೂರು ಮನೆಗೆ ಒಯ್ದರು. ದಂಗೆಯನ್ನು ಹೊಸಕಿಹಾಕಿದರು. ಆದಮನ ಕಾಲದಲ್ಲಿ ಯಾರಿದ್ದರು ಒಡೆಯರು ಎಂದು ಕೇಳಿದ್ದ ಜಾನ್ ಬಾಲ್ ಎಂಬ ಪಾದ್ರಿಯನ್ನು ಜುಲೈ 15ರಂದು ಅದೇ ಊರಿನಲ್ಲಿ ಗಲ್ಲಿಗೇರಿಸಿದರು.

ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಅವರೆಕಾಯಿ ಮುಗಿದಿತ್ತು. ಎದ್ದು ಸಿಪ್ಪೆ ಬಳಿಯುತ್ತ ಅವಳು ಮೆಲ್ಲಗೆ ಕೇಳಿದಳು: "ಮಾರ್ಷಲ್ಲು, ಸ್ಟೀವರ್ಡು, ನೈಟು, ಎಲ್ಲಾ ಹೆಸರೂ ಸುಲಿದ್ರಿ. ಲಾರ್ಡ್ ಅನ್ನೋದೊಂದು ಬಿಟ್ರಲ್ಲ? ಶುರುವಾಗಿದ್ದೇ ಅದರಿಂದ."

ಬೇಕೆಂದೇ ಬಿಟ್ಟಿದ್ದೆ. ಆ ಸಿಪ್ಪೆ ಬಿಡಿಸಿದರೆ ಕೆಡುವುದು ನಾನೇ. ಆದರೆ ಕೇಳಿದ ಮೇಲೆ ಹೇಳದಿರುವುದು ವಿದ್ಯೆಗೆ ದ್ರೋಹ. ಲಾರ್ಡ್ ಎಂಬುದು ಹಳೆಯ ಇಂಗ್ಲಿಷಿನಲ್ಲಿ 'ರೊಟ್ಟಿ' ಮತ್ತು 'ಕಾಯುವವನು' ಎಂಬೆರಡು ಪದ ಸೇರಿ ಸವೆದು ಆದದ್ದು. ಮನೆಯವರ ರೊಟ್ಟಿಗೆ ತತ್ವಾರ ಬರದಂತೆ ನೋಡಿಕೊಳ್ಳುವವನು. ಹಾಗೆಯೇ ಲೇಡಿ ಎಂದರೆ ರೊಟ್ಟಿಯ ಹಿಟ್ಟು ನಾದುವವಳು.

"ನಾದೋಳು ರೆಡಿ ಇದೀನಿ," ಎಂದು ಡಬ್ಬವನ್ನು ನನ್ನ ಕಾಲಬುಡಕ್ಕೆ ತಂದಿಟ್ಟಳು. "ಕಾಯೋರು ಏಳಿ."

ಎದ್ದೆ.

ಮಿಲ್ಲಿನಲ್ಲಿ ಡಬ್ಬಗಳ ಸಾಲು ಬಾಗಿಲಾಚೆಗೂ ಬಂದಿತ್ತು. ನನ್ನದನ್ನು ಕೊನೆಗಿಟ್ಟೆ. "ಈಗ ರಾಗಿ ಓಡ್ತಿದೆ ಸಾರ್, ಗೋಧಿ ಆಮೇಲೆ," ಎಂದ ಮಿಲ್ಲಿನವನು. ಇಲ್ಲಿನ ಅಂತಸ್ತೇ ಬೇರೆ. ಬಂದವನ ಮುಖ ನೋಡುವುದಿಲ್ಲ, ತಂದ ಕಾಳು ನೋಡುತ್ತಾರೆ. ರಾಗಿಯವರದು ಒಂದು ಪಂಗಡ, ಗೋಧಿಯವರದು ಇನ್ನೊಂದು, ಖಾರದಪುಡಿಯವರಿಗೆ ಮೂಲೆಯಲ್ಲಿ ಬೇರೆ ಮಿಷನ್ನು. ರಾಗಿ ಮುಗಿದ ಮೇಲೆ ಮೊದಲ ಗೋಧಿ ಹಾಕುವವನ ಹಿಟ್ಟಿಗೆ ರಾಗಿಯ ಬಣ್ಣ ಬರುತ್ತದೆ. ಹಾಗಾಗಿ ಗೋಧಿ ಪಂಗಡದವರೆಲ್ಲ 'ನೀವು ಮೊದಲು, ನೀವು ಮೊದಲು' ಎಂದು ಒಬ್ಬರಿಗೊಬ್ಬರು ಪರಮ ಮರ್ಯಾದೆ ತೋರುತ್ತಿದ್ದರು. ಇಷ್ಟು ವಿನಯ ಚಾರ್ಲ್ಸ್ ಚಕ್ರವರ್ತಿಯ ಆಸ್ಥಾನದಲ್ಲೂ ಇದ್ದಿರಲಾರದು.

ನನ್ನ ಸರದಿ ಬಂದಾಗ ಬಟ್ಟೆಯ ತೂಬಿನಿಂದ ಬಿಸಿಬಿಸಿ ಹಿಟ್ಟು ಧುಮುಕಿತು. ಒಂದು ಚೂರೂ ಪೋಲಾಗದಂತೆ ಡಬ್ಬವನ್ನು ಅವುಚಿಕೊಂಡು ಮನೆಗೆ ಬಂದೆ. ತಲೆ, ಹುಬ್ಬು, ಮೀಸೆ, ಅಂಗಿ ಎಲ್ಲ ಹಿಟ್ಟು. ಬಾಗಿಲು ತೆಗೆದವಳು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ ಡಬ್ಬ ಇಳಿಸಿಕೊಂಡಳು.

"ಈಗ ಸರಿಹೋಯ್ತು ನೋಡಿ," ಎಂದಳು. "ಬಣ್ಣಾನೂ ಬಂತು."